ಅರ್ಧ ಮಾತ್ರೆ

ಅಕ್ಕಯ್ಯ, ನಿನ್ನ ಮಾತ್ರೆ ನಾನೇ ಮುರಿದು ಕೊಡುತ್ತೇನೆ.
ನಿನ್ನ ಹೆಬ್ಬೆರಳು ಇನ್ನೂ ಸುಟ್ಟ ಬದನೆಕಾಯಿ.
ಗೂಡು ಕೊಯ್ದು ನೋಡುವ ಬ್ಲೇಡನ್ನು
ನಡುಗೆರೆಯ ಮೇಲಿಟ್ಟು
ಟಕ್.
ಒಂದು ಚೂರು ಇವತ್ತಿಗೆ.
ಇನ್ನೊಂದು ಕುಂಕುಮದ ಭರಣಿಯಲ್ಲಿ, ನಾಳೆಗೆ.

ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಇಬ್ಬರಿಗೂ ಒಂದೇ ದಿನ ಬರೆದದ್ದು.
ನೂರ ಅರವತ್ತೆಂಟು ನಿನ್ನದು, ನೂರ ಎಪ್ಪತ್ತು ನನ್ನದು.
ಅಮ್ಮನಿಗೆ ಲಕ್ವ ಹೊಡೆದಿತ್ತು ಅಂದಾಗ
ಡಾಕ್ಟರು ಪೆನ್ನು ನಿಲ್ಲಿಸಿ ನಮ್ಮನ್ನು ನೋಡಿದ್ದರು.
ಬಿಳಿ ಮಾತ್ರೆ, ಐವತ್ತರದು, ಬೆಳಿಗ್ಗೆ ಒಂದು.
ಒಂದೇ ಹಾಳೆಯಿಂದ ಒತ್ತಿ ತೆಗೆದು
ಒಂದೇ ಚೊಂಬಿನ ನೀರಲ್ಲಿ ನುಂಗಿ
ಒಂದೇ ಬಸ್ಸಾರಿಗೆ ಮುದ್ದೆ ಅದ್ದಿ ತಿಂದು ಕೆಲಸಕ್ಕೆ ಹೋದವರು ನಾವು.

ಹತ್ತನೇ ದಿನ ನೀನು ಬಾಣಲೆಯ ಮುಂದೆ ತೂಗತೊಡಗಿದೆ.
ಕುದಿನೀರಲ್ಲಿ ಗೂಡು ಕುಣಿಯುತ್ತಿದ್ದವು.
ಮೂವತ್ತು ವರ್ಷ ಎಳೆಯ ತುದಿ ತಪ್ಪದ ಬೆರಳು
ತುದಿ ತಪ್ಪಿ, ನೀರಿಗಿಳಿದು, ಅಲ್ಲೇ ನಿಂತಿತು.
ಸುಟ್ಟದ್ದು ನಿನಗೇ ತಡವಾಗಿ ತಿಳಿಯಿತು.

ಪಿಳ್ಳಮ್ಮ ದೃಷ್ಟಿಯೆಂದು ಮೆಣಸಿನಕಾಯಿ ನಿವಾಳಿಸಿದಳು.
ಅಮೀರ್‌ಜಾನ್ ಸಾಹೇಬರು, ಪಾಪ, ನೆಲ ನೋಡುತ್ತ,
ಬೇರೆಯವರನ್ನು ಕರೀಬೇಕಾಗುತ್ತಮ್ಮಾ ಅಂದರು.
ನಾನು ನಾಟಕ ಅಂದೆ.
ಅದೇ ಮಾತ್ರೆ ನಾನೂ ನುಂಗುತ್ತೀನಲ್ಲ, ನನಗೇನಾಗಿದೆ ಅಂದೆ.

ಹೊಸದಾಗಿ ಬಂದ ಡಾಕ್ಟರಮ್ಮ, ಚೇಳೂರಿನ ಕಡೆಯವರು,
ನಿನ್ನ ಮಣಿಕಟ್ಟು ಹಿಡಿದು ಗೋಡೆ ಗಡಿಯಾರ ನೋಡುತ್ತ
ಒಂದು ನಿಮಿಷ ಸುಮ್ಮನಿದ್ದರು.
ನಲವತ್ತೆರಡು.
ಆಮೇಲೆ ನನ್ನ ತೋಳಿಗೆ ಪಟ್ಟಿ ಬಿಗಿದರು.
ನೂರ ಎಪ್ಪತ್ತು, ಅಲ್ಲಾಡಿಲ್ಲ.
ನೀನು ಮಾತ್ರೆ ತಗೋತಿಲ್ಲ ಅಲ್ವಾ?
ಖಾಲಿ ಹಾಳೆ ತೆಗೆದು ತೋರಿಸಿದೆ. ಕೈ ನಡುಗಿತು.
ಈಗ ನಾಟಕದವಳು ನಾನು.
ನೀನು ಮಾತ್ರ ಒಂದು ಮಾತೂ ಆಡಲಿಲ್ಲ.

ಅವರು ಹಾಳೆ ಎಣಿಸಿ ನೋಡಿ, ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದ್ದು:
ಲಿವರ್ ಒಳಗೆ ಈ ಮಾತ್ರೆ ಬಿಚ್ಚುವ ಕೈಯೊಂದಿದೆ.
ನಿಮ್ಮಕ್ಕನದು ನಿಧಾನದ ಕೈ,
ನಿನ್ನೆಯದು ಬಿಚ್ಚಿ ಮುಗಿಸುವ ಮೊದಲೇ
ಇವತ್ತಿನದು ಬಂದು ಸಾಲಿನಲ್ಲಿ ಕೂರುತ್ತೆ.
ನಿನ್ನದು ಆತುರದ್ದಿರಬೇಕು,
ಮಧ್ಯಾಹ್ನದ ಊಟಕ್ಕೆ ಮೊದಲೇ ಬಿಚ್ಚಿ ಬಿಸಾಡಿರುತ್ತೆ.
ಹುಟ್ಟುತ್ತಲೇ ಬಂದದ್ದು. ಯಾರ ತಪ್ಪೂ ಅಲ್ಲ.
ಪರೀಕ್ಷೆ ಇದೆ, ದುಬಾರಿ. ಸದ್ಯಕ್ಕೆ ನಾಡಿಯೇ ಹೇಳ್ತಿದೆ.
ಅಕ್ಕನಿಗೆ ನಾಲ್ಕು ದಿನ ಬೇಡ, ಆಮೇಲೆ ಅರ್ಧ.
ನಿನಗೆ ಬೇರೆ ಜಾತಿಯದು. ಕಾಲು ಊದಿದರೆ ಬಂದು ಹೇಳು.

ನಮಗೆ ಗೊತ್ತಿರಬೇಕಿತ್ತು, ಅಕ್ಕಯ್ಯ.
ಒಂದೇ ತೋಟದ ಸೊಪ್ಪು ತಿಂದು
ಒಂದು ತಳಿ ಹಳದಿ ಗೂಡು ಕಟ್ಟುತ್ತೆ, ಒಂದು ಬಿಳಿ.
ತಳಿಯ ಮಾತು ಬಿಡು,
ಒಂದೇ ಚಿಟ್ಟೆಯ ಮೊಟ್ಟೆ, ಒಂದೇ ತಟ್ಟೆ,
ಎಲ್ಲ ನಾಲ್ಕನೇ ಜ್ವರಕ್ಕೆ ತಲೆಯೆತ್ತಿ ಕೂತಾಗ
ಒಂದೆರಡು ಇನ್ನೂ ಮೇಯುತ್ತಲೇ ಇರುತ್ತವೆ.
ಯಾವತ್ತಾದರೂ ಆ ಹುಳುವನ್ನು ನಾಟಕ ಅಂದಿದ್ದೇವಾ?

ಅಮ್ಮ ಹೋದಾಗ ಓಲೆ ನಿನಗೆ, ಕಾಸಿನ ಸರ ನನಗೆ.
ಹಿತ್ತಾಳೆ ಪಾತ್ರೆ ತಕ್ಕಡಿಗೆ ಹಾಕಿದೆವು,
ಅರ್ಧ ಕೇಜಿಗೆ ಆರು ತಿಂಗಳು ಮಾತು ಬಿಟ್ಟೆವು.
ಇದನ್ನು ಹಂಚಿದವರು ಯಾರು, ಯಾವ ತಕ್ಕಡಿಯಲ್ಲಿ?
ಅಪ್ಪನದೊಂದು ನಿಧಾನ, ಅಮ್ಮನದೊಂದು ನಿಧಾನ,
ಎರಡೂ ನಿನ್ನ ಪಾಲಿಗೆ.
ನೀನು ಕೇಳಿರಲಿಲ್ಲ. ನಾನು ಬಿಟ್ಟುಕೊಟ್ಟೂ ಇರಲಿಲ್ಲ.

ಈಗ ದಿನಾ ಸಂಜೆ, ಬಾಣಲೆ ಆರಿದ ಮೇಲೆ,
ಹುಳದ ವಾಸನೆಯ ನಿನ್ನ ಕೈ ಹಿಡಿದು ಎಣಿಸುತ್ತೇನೆ.
ಮೂವತ್ತೊಂಬತ್ತಕ್ಕೆ ಲೆಕ್ಕ ತಪ್ಪುತ್ತದೆ,
ನೀನು ನಗುತ್ತೀಯ, ನಕ್ಕರೆ ನಾಡಿ ಜಿಗಿಯುತ್ತದೆ.
ಸುಮ್ಮನಿರೇ ಸ್ವಲ್ಪ.
ಮತ್ತೆ ಮೊದಲಿಂದ.
ಒಂದು.
ಎರಡು.